ಬೇರೆ ವಲಯದ ಡಿವಿಡಿಗಳು

ಕಾಲೇಜಿನ ಗ್ರಂಥಾಲಯದಲ್ಲಿ ನಾನು ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಯಿತು. ಪುಸ್ತಕಗಳ ನಡುವೆ ನನಗಿರುವ ಧೈರ್ಯ ಯಂತ್ರಗಳ ಮುಂದೆ ಯಾವತ್ತೂ ಇರಲಿಲ್ಲ. ಯಾವ ದೇಶದಲ್ಲಿ ಅಚ್ಚಾದ ಪುಸ್ತಕವಾದರೂ ಬಳ್ಳಾರಿಯ ಮೇಜಿನ ಮೇಲೆ ಇಟ್ಟು ತೆರೆದರೆ ತೆರೆದುಕೊಳ್ಳುತ್ತದೆ. ಡಿವಿಡಿ ಹಾಗಲ್ಲ ಎಂದು ನನಗೆ ತಿಳಿದದ್ದು ಮೂರು ವರ್ಷದ ಹಿಂದೆ. ಅಷ್ಟರಲ್ಲಿ ಲೋಕದ ಜನ ಡಿವಿಡಿಯನ್ನೇ ಮರೆತಿದ್ದರು.

ಆ ವರ್ಷ ಇಂಗ್ಲಿಷ್ ವಿಭಾಗಕ್ಕೆ ಮೈಸೂರು ಕಡೆಯ ಮೇಷ್ಟ್ರೊಬ್ಬರು ಹೊಸದಾಗಿ ಬಂದಿದ್ದರು. ಪದವಿಯ ಕೊನೆಯ ವರ್ಷದವರಿಗೆ ಸಿನಿಮಾ ಕುರಿತ ಒಂದು ಐಚ್ಛಿಕ ವಿಷಯ ಶುರುಮಾಡಿದರು. ಒಂದು ಮಧ್ಯಾಹ್ನ ಹನ್ನೆರಡು ಸಿನಿಮಾಗಳ ಪಟ್ಟಿ ಹಿಡಿದು ನನ್ನ ಕೌಂಟರಿಗೆ ಬಂದು, "ಇವನ್ನ ಮೀಸಲು ಕಪಾಟಿನಲ್ಲಿ ಇಡಬೇಕು ಮೇಡಂ" ಎಂದರು.

ಮೀಸಲು ಕಪಾಟು ನನ್ನ ಕುರ್ಚಿಯ ಹಿಂದೆ ಇದೆ, ಗಾಜಿನ ಬಾಗಿಲಿನದು. ಒಂದು ತರಗತಿಯ ಎಲ್ಲರಿಗೂ ಬೇಕಾದ ಪುಸ್ತಕ ಒಂದೇ ಪ್ರತಿ ಇದ್ದರೆ ಅಲ್ಲಿಡುತ್ತೇವೆ. ಮನೆಗೆ ಕೊಡುವುದಿಲ್ಲ. ಸಹಿ ಹಾಕಿ ತೆಗೆದುಕೊಂಡು, ಎರಡು ಗಂಟೆ ಅಲ್ಲೇ ಕೂತು ಓದಿ, ಮರಳಿಸಬೇಕು. ಪುಸ್ತಕಕ್ಕೆ ಮಾಡುವುದನ್ನೇ ಸಿನಿಮಾಕ್ಕೂ ಮಾಡಿ ಎಂಬುದು ಮೇಷ್ಟ್ರ ಬೇಡಿಕೆ.

"ಇವೆಲ್ಲ ಫೋನಿನಾಗ ಸಿಗಂಗಿಲ್ಲೇನ್ರಿ ಸರ್?" ಎಂದೆ.

"ಮೂರು ಸಿಗುತ್ತೆ. ಉಳಿದ ಒಂಬತ್ತು ಎಲ್ಲೂ ಇಲ್ಲ. ಆದರೆ ಸಿರುಗುಪ್ಪದಲ್ಲಿ ಒಬ್ಬರ ಮನೇಲಿ ಒಂದು ಟ್ರಂಕು ತುಂಬಾ ಇವೆಯಂತೆ. ನೀವೂ ಬರ್ತೀರಾ?"

ಭಾನುವಾರ ಇಬ್ಬರೂ ಬಸ್ಸು ಹತ್ತಿದೆವು. ಮೋಕ ದಾಟಿ ಮುಂದೆ ಹೋದಂತೆ ಎರಡೂ ಕಡೆ ಭತ್ತದ ಗದ್ದೆ ಶುರುವಾಯಿತು. ಮೇಷ್ಟ್ರು ಕಿಟಕಿಗೆ ಮುಖ ಒತ್ತಿ, "ಬಳ್ಳಾರಿ ಅಂದ್ರೆ ಬರೀ ಬಂಡೆ ಅಂದ್ಕೊಂಡಿದ್ದೆ" ಎಂದರು. ನನ್ನ ತವರು ಸಿರುಗುಪ್ಪ. ಆ ಮಾತಿಗೆ ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಟ್ರಂಕಿನ ಒಡೆಯರು ಕೆನಡಾದಲ್ಲಿ ಬಹಳ ವರ್ಷ ಗಣಿತ ಕಲಿಸಿ, ನಿವೃತ್ತಿಯಾದ ಮೇಲೆ ತಮ್ಮಂದಿರ ಮನೆಗೆ ಮರಳಿದವರು. ಮನೆಯ ಪಕ್ಕದಲ್ಲೇ ಅವರದೇ ಅಕ್ಕಿಗಿರಣಿ. ತೌಡಿನ ವಾಸನೆ ಅಂಗಳದವರೆಗೂ ಬರುತ್ತಿತ್ತು. ಮನೆತುಂಬ ಜನ, ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು. ಹಿರಿಯರು ಟ್ರಂಕಿನ ಮುಚ್ಚಳ ಎತ್ತಿ ನಮ್ಮ ಮುಂದೆ ಕೂತರು.

"ನಾ ಊರಿಗೆ ಬಂದ ಮರುದಿನ ಇಡೀ ಮನಿಮಂದಿ ಸಿನಿಮಾ ನೋಡಾಕ ಚಾಪಿ ಹಾಸ್ಕೊಂಡು ಕುಂತಿದ್ರು" ಎಂದರು. "ಗಣಿತ ಕಲಿಸಿದಾಂವ ನಾನು. ಅಲ್ಲೀ ನೂರಾಹತ್ತು ವೋಲ್ಟಿನ ಪ್ಲೇಯರ್ ತಂದು ಇಲ್ಲೀ ಇನ್ನೂರಾಮೂವತ್ತಕ್ಕ ಚುಚ್ಚಿಬಿಟ್ಟೆ. ಬುಸ್ ಅಂತು, ಹೊಗಿ ಬಂತು. ಎಲ್ಲಾರೂ ಹೊಗಿ ನೋಡಿ ಎದ್ದು ಹೋದ್ರು."

"ಆಮ್ಯಾಲೆ ಇಲ್ಲೀ ಪ್ಲೇಯರ್ ತರಲಿಲ್ಲೇನ್ರಿ?"

"ತಂದೆ. ಅದು ಇವನ್ನ ಒಳಗ ಕರಕೊಳ್ಳಲಿಲ್ಲ. ವಲಯ ಬ್ಯಾರೆ ಅಂತು. ಅವತ್ತಿನಿಂದ ಟ್ರಂಕು ಮುಚ್ಚೇ ಐತಿ. ನೀವು ಗ್ರಂಥಾಲಯದವರು, ಏನಾರ ದಾರಿ ಹುಡುಕ್ರಿ. ಯಾರಾರ ನೋಡಿದ್ರ ಸಾಕು ನನಗ."

ಮೇಷ್ಟ್ರ ಪಟ್ಟಿಯ ಒಂಬತ್ತೂ ಅದರಲ್ಲಿದ್ದವು. ಹಿರಿಯರು ಒಂಬತ್ತನ್ನು ಮಾತ್ರ ಕೊಡಲು ಒಪ್ಪಲಿಲ್ಲ. ಪೂರ್ತಿ ಟ್ರಂಕನ್ನೇ ಬಸ್ಸಿಗೆ ಹಾಕಿಸಿದರು.

ವಲಯದ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಸೋಮವಾರ ಗ್ರಂಥಾಲಯದ ಪ್ಲೇಯರಿಗೆ ಮೊದಲ ಡಿವಿಡಿ ಹಾಕಿದಾಗ ಪರದೆಯ ಮೇಲೆ ಒಂದೇ ಸಾಲು ಬಂತು: ವಲಯ ತಪ್ಪಾಗಿದೆ. ಎರಡನೆಯದಕ್ಕೂ ಅದೇ. ಮೇಷ್ಟ್ರು ಆಗ ವಿವರಿಸಿದರು. ಡಿವಿಡಿ ಮಾರುವವರು ಜಗತ್ತನ್ನು ವಲಯಗಳಾಗಿ ಹಂಚಿಕೊಂಡಿದ್ದರಂತೆ. ಕೆನಡಾ ಒಂದನೆಯ ವಲಯ. ಯುರೋಪು, ಜಪಾನು ಎರಡನೆಯದು. ನಾವು ಐದನೆಯದು. ಒಂದು ವಲಯದಲ್ಲಿ ಮಾರಿದ್ದು ಇನ್ನೊಂದು ವಲಯದ ಯಂತ್ರದಲ್ಲಿ ಓಡದಂತೆ ಬೀಗ ಹಾಕಿರುತ್ತಾರೆ.

ಅವರು ಪಾಠಕ್ಕೆ ಹೋದ ಮೇಲೆ ನಾನು ಹಳೆಯ ಕಂಪ್ಯೂಟರಿನಲ್ಲಿ ಪ್ರಯತ್ನಿಸೋಣವೆಂದು ಕೂತೆ. ಅದು ಪುಣ್ಯಾತ್ಮನಂತೆ ಕೇಳಿತು: ವಲಯ ಬದಲಿಸಲೇ? ನಾನು ಹೂಂ ಎಂದು ಒತ್ತಿದೆ. ಸಿನಿಮಾ ಓಡಿತು! ಒಬ್ಬಳೇ ಚಪ್ಪಾಳೆ ತಟ್ಟಿದೆ. ಆಮೇಲೆ ಟ್ರಂಕಿನಲ್ಲೇ ಇದ್ದ ಜಪಾನಿನ ಒಂದು ಡಿವಿಡಿ ಹಾಕಿದೆ. ಮತ್ತೆ ಕೇಳಿತು, ಮತ್ತೆ ಒತ್ತಿದೆ. ಮೇಷ್ಟ್ರು ಬಂದಾಗ ತೋರಿಸಲೆಂದು ಮತ್ತೆ ಕೆನಡಾದ್ದು ಹಾಕಿದೆ. ಅಷ್ಟರಲ್ಲಿ ಯಾರೋ ನಮ್ಮ ದೇಶದ್ದೇ ಒಂದು ವಿಜ್ಞಾನದ ಡಿವಿಡಿ ಕೇಳಿ ಬಂದರು, ಅದನ್ನೂ ಹಾಕಿ ಒತ್ತಿದೆ. ಆಗ ಮಾತ್ರ ವಲಯ ಕೇಳುವ ಆ ಚೌಕದಲ್ಲಿದ್ದ ಸಣ್ಣ ಅಕ್ಷರ ಓದಿದೆ. ವಲಯವನ್ನು ಒಟ್ಟು ಐದು ಸಲ ಬದಲಿಸಬಹುದು. ಇನ್ನು ಉಳಿದಿರುವುದು ಒಂದು. ಅದಾದ ಮೇಲೆ ಇದ್ದದ್ದೇ ಶಾಶ್ವತ.

ಓದಿದವಳು, ಇನ್ನೊಬ್ಬರಿಗೆ 'ಸೂಚನೆ ಓದಿ ಸಹಿ ಹಾಕ್ರಿ' ಎಂದು ದಿನಕ್ಕೆ ಹತ್ತು ಸಲ ಹೇಳುವವಳು, ಒಂದು ಮಧ್ಯಾಹ್ನದಲ್ಲಿ ನಾಲ್ಕು ಅವಕಾಶ ಕಳೆದುಬಿಟ್ಟಿದ್ದೆ. ಮೇಷ್ಟ್ರು ಬಂದಾಗ ಮುಚ್ಚಿಡಲು ಮನಸ್ಸಾಯಿತು. ಆದರೆ ಹೇಳಿದೆ. ಅವರು, "ನಾನೂ ಹಾಗೇ ಒತ್ತುತ್ತಿದ್ದೆ ಬಿಡಿ" ಎಂದರು. ಆ ಕಂಪ್ಯೂಟರು ಈಗಲೂ ಇದೆ. ಉಳಿದ ಆ ಒಂದು ಅವಕಾಶವನ್ನು ಇವತ್ತಿನವರೆಗೂ ಯಾರೂ ಮುಟ್ಟಿಲ್ಲ.

ಪ್ರಾಂಶುಪಾಲರ ಹತ್ತಿರ ಹೋದೆವು. ಅವರಿಗೆ ಇದು ಸಮಸ್ಯೆಯೇ ಅನ್ನಿಸಲಿಲ್ಲ. "ಯಾರಿಗಾರ ಹೇಳಿ ಕಾಪಿ ಹೊಡಿಸ್ರಿ. ಬೀಗ ಒಡಿಯಾಕ ಏನೇನೋ ಸಾಫ್ಟ್‌ವೇರ್ ಅದಾವಂತ."

"ಬ್ಯಾಡ್ರಿ ಸರ್" ಎಂದೆ. ನನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ ಬಂತು ಮಾತು. "ಇಡೀ ಪುಸ್ತಕ ಝೆರಾಕ್ಸ್ ಮಾಡಿಸಬ್ಯಾಡ್ರಿ ಅಂತ ಇಷ್ಟು ವರ್ಷ ಹುಡುಗರಿಗೆ ಹೇಳಿಕೋತ ಬಂದೀನಿ. ಈಗ ನಾನ ಹೆಂಗ ಮಾಡ್ಲಿ? ಅಸಲಿ ಡಿವಿಡಿ ಐತಿ, ಕೊಟ್ಟವರು ಸ್ವಂತ ತಗೊಂಡಿದ್ದು. ಅದನ್ನ ಓಡಿಸೋ ದಾರಿ ಇದ್ದೇ ಇರತೈತಿ."

"ಒಂದು ವಾರ ನೋಡ್ರಿ" ಎಂದರು. "ಇಲ್ಲಾಂದ್ರ ಬ್ಯಾರೆ ಸಿನಿಮಾ ಇಡ್ರಿ."

ಗಾಂಧಿನಗರದ ನನ್ನ ಮನೆಯ ಸುತ್ತಮುತ್ತ ಇರುವ ಅಂಗಡಿಗಳಲ್ಲಿ ವಿಚಾರಿಸಿದೆ. ಡಿವಿಡಿ ಪ್ಲೇಯರ್ ಎಂದರೆ ನನ್ನನ್ನೇ ಒಂದು ಹಳೆಯ ವಸ್ತುವಿನಂತೆ ನೋಡಿದರು. ಒಬ್ಬರು ಮಾತ್ರ ಬ್ರೂಸ್‌ಪೇಟೆಯ ಗಲ್ಲಿಯೊಂದರ ಗುರುತು ಹೇಳಿದರು. ಅಲ್ಲಿ ಬಟ್ಟೆ ಅಂಗಡಿಗೂ ಬೆಲ್ಲದ ಅಂಗಡಿಗೂ ನಡುವೆ, ಎರಡು ಮಂಚ ಹಿಡಿಸುವಷ್ಟು ಜಾಗದಲ್ಲಿ, ಬಿಳಿ ಗಡ್ಡದ ಸಾಹೇಬರೊಬ್ಬರು ಮಿಕ್ಸಿಯೊಂದನ್ನು ಬಿಚ್ಚಿಕೊಂಡು ಕೂತಿದ್ದರು. ಹಿಂದೆ ಚಾವಣಿಯವರೆಗೂ ಸತ್ತ ಟಿ.ವಿ.ಗಳು, ರೇಡಿಯೋಗಳು.

ನಾನು ಕತೆಯನ್ನೆಲ್ಲ ಹೇಳಿದೆ. ಅವರು ತಿರುಪುಳಿ ಕೆಳಗಿಟ್ಟು ಕೇಳಿದರು. ಆಮೇಲೆ ಅವರ ಕಣ್ಣು ಮಿಂಚಿದವು.

"ಅಮ್ಮಾ, ಹದಿನೈದು ವರ್ಷ ಆತು ಈ ಮಾತು ನನ್ನ ಮುಂದ ಯಾರೂ ಆಡಿಲ್ಲ. ಬರ್ರಿ, ಕುಂದರ್ರಿ" ಎಂದು ಸ್ಟೂಲು ಒರೆಸಿದರು. "ಆಗ ಕೊಲ್ಲಿ ದೇಶಕ್ಕ ಹೋದವ್ರು ಅಲ್ಲಿಂದ ಪಿಕ್ಚರ್ ತರ್ತಿದ್ರು, ಇಲ್ಲಿ ಓಡ್ತಿರಲಿಲ್ಲ. ಎಲ್ಲಾ ನನ್ನ ಹತ್ರಾನ ಬರ್ತಿದ್ರು. ಕೆಲವು ಪ್ಲೇಯರ್ ಮಾಡಿದವ್ರ ಅದರಾಗ ಒಂದು ಚೋರ್ ಬಾಗಿಲು ಇಟ್ಟಿರ್ತಾರ. ಟ್ರೇ ತೆರೀಬೇಕು, ರಿಮೋಟಿನಾಗ ನಂಬರ್ ಒತ್ತಬೇಕು, ವಲಯ ಸೊನ್ನಿ ಮಾಡಬೇಕು. ಸೊನ್ನಿ ಅಂದ್ರ ಎಲ್ಲಾ ದೇಶಾನೂ ಬರಬಹುದು."

ಏಣಿ ಹಾಕಿ ಮೇಲಿನಿಂದ ಒಂದು ಕಪ್ಪು ಪೆಟ್ಟಿಗೆ ಇಳಿಸಿದರು. ಧೂಳು ಊದಿದರು. ತಂತಿ ಚುಚ್ಚಿದರು. ಟ್ರೇ ತೆರೆದು, ಕಣ್ಣು ಮುಚ್ಚಿ, ಬೆರಳಿಗೆ ನೆನಪಿದ್ದ ಅಂಕಿಗಳನ್ನು ಒತ್ತಿದರು. ಏನೂ ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. "ಯಾ ಅಲ್ಲಾ, ವಯಸ್ಸಾತು" ಎಂದು ನಕ್ಕು, ಗೋಡೆಗೆ ತೂಗುಹಾಕಿದ್ದ ಹಳೆಯ ಡೈರಿಯೊಂದನ್ನು ಬಿಚ್ಚಿ, ಉರ್ದುವಿನಲ್ಲಿ ಬರೆದಿದ್ದ ಪುಟದ ಮೇಲೆ ಬೆರಳಾಡಿಸಿದರು. ಮೂರನೆಯ ಸಲ ಪರದೆಯ ಮೂಲೆಯಲ್ಲಿ ಒಂದು ಸೊನ್ನೆ ಮೂಡಿತು. ನನ್ನ ಚೀಲದಲ್ಲಿದ್ದ ಕೆನಡಾದ ಡಿವಿಡಿ ಹಾಕಿದೆವು. ಚಿತ್ರ ಬಂತು, ಆದರೆ ಬಣ್ಣವಿಲ್ಲದೆ, ಉರುಳುರುಳಾಗಿ.

"ಅದಕ್ಕ ಹೆದರಬ್ಯಾಡ್ರಿ. ಅಲ್ಲೀ ಚಿತ್ರದ ಲೆಕ್ಕ ಬ್ಯಾರೆ, ನಮ್ಮ ಟಿ.ವಿ. ಲೆಕ್ಕ ಬ್ಯಾರೆ" ಎಂದು ಇನ್ನೊಂದು ಗುಂಡಿ ಒತ್ತಿದರು. ಉರುಳುವುದು ನಿಂತಿತು. ಬಣ್ಣ ಬಂತು.

ಮರುದಿನ ತಾವೇ ಪೆಟ್ಟಿಗೆ ಹೊತ್ತು ಕಾಲೇಜಿಗೆ ಬಂದು ಜೋಡಿಸಿಕೊಟ್ಟರು. ಮೊದಲ ಸಿನಿಮಾವನ್ನು ತಾವೂ ನೋಡುವುದಾಗಿ ಹೇಳಿ, ವಿದ್ಯಾರ್ಥಿಗಳ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತರು. ಮಾತೊಂದೂ ಅರ್ಥವಾಗದ ಆ ಸಿನಿಮಾ ಮುಗಿದಾಗ ಕಣ್ಣೊರೆಸಿಕೊಂಡು, "ಮುದುಕ ಪಾಪ, ಬಾವಿ ತೋಡಿದ್ದೇ ತೋಡಿದ್ದು" ಎಂದು ಎದ್ದು ಹೋದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪ್ರಾಂಶುಪಾಲರು ನನ್ನ ಕಡೆ ತಲೆಯಾಡಿಸಿದರು.

ಹೀಗೆ ಮೀಸಲು ಕಪಾಟಿನಲ್ಲಿ ಡಿವಿಡಿಗಳು ಕೂತವು. ಒಂದೊಂದಕ್ಕೂ ಚೀಟಿ ಅಂಟಿಸಿದೆ: ವಲಯ ಯಾವುದು, ಭಾಷೆ ಯಾವುದು, ಪರದೆಯ ಕೆಳಗೆ ಮೂಡುವ ಅಡಿಬರಹ ಯಾವ ಭಾಷೆಯಲ್ಲಿ. ಗ್ರಂಥಾಲಯದ ಮೂಲೆಯಲ್ಲಿ ಪ್ಲೇಯರು, ಟಿ.ವಿ., ಎರಡು ಹೆಡ್‌ಫೋನು. ಓದುವವರಿಗೆ ತೊಂದರೆಯಾಗಬಾರದೆಂದು ಹೆಡ್‌ಫೋನ್ ಹಾಕಿಕೊಂಡೇ ನೋಡಬೇಕೆಂಬ ನಿಯಮ.

ಆ ತರಗತಿಯಲ್ಲಿ ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಇದ್ದಳು. ಮಾತು ಕಡಿಮೆ. ಕರೆದರೆ ತಿರುಗುತ್ತಿರಲಿಲ್ಲ. ಸೊಕ್ಕಿನವಳು ಎಂದು ಜೊತೆಯವರು ಹೇಳುತ್ತಿದ್ದರು, ನಾನೂ ನಂಬಿದ್ದೆ. ಎಲ್ಲರೂ ಪರೀಕ್ಷೆಗೆ ಬೇಕಾದಷ್ಟು ನೋಡಿದರೆ ಇವಳು ದಿನಾ ಮೂರು ಗಂಟೆಗೆ ಬಂದು, ಡಿವಿಡಿ ತೆಗೆದುಕೊಂಡು, ಪರದೆಯ ಹತ್ತಿರ ಕೂರುತ್ತಿದ್ದಳು. ಹೆಡ್‌ಫೋನನ್ನು ಮುಟ್ಟುತ್ತಲೇ ಇರಲಿಲ್ಲ. ಶಬ್ದವನ್ನು ಪೂರ್ತಿ ಆರಿಸಿಬಿಡುತ್ತಿದ್ದಳು. ಇವಳು ಸಿನಿಮಾ ನೋಡುವುದಿಲ್ಲ, ಬಸ್ಸಿನ ಹೊತ್ತಿಗೆ ಕಾಯುತ್ತಾಳೆ, ಬೇರೆಯವರ ಪಾಳಿ ತಿನ್ನುತ್ತಾಳೆ ಎಂದು ಮೇಷ್ಟ್ರಿಗೆ ದೂರು ಕೂಡ ಹೇಳಿದೆ.

ಒಂದು ದಿನ ಅವಳು ಡಿವಿಡಿಯ ಡಬ್ಬಿ ಹಿಡಿದು ಕೌಂಟರಿಗೆ ಬಂದಳು. ನಾನು ರಿಜಿಸ್ಟರಿನಲ್ಲಿ ತಲೆ ಹುದುಗಿಸಿದ್ದೆ.

"ಮೇಡಂ, ಇದರಾಗ ಸಪ್ಪಳ ಬರದಿಲ್ರಿ. ಮೊನ್ನಿದರಾಗ ಎಲ್ಲಾ ಬರದಿದ್ರು."

ನನಗೆ ರೇಗಿತು. ತಲೆ ಎತ್ತದೆಯೇ, "ಹೆಡ್‌ಫೋನ್ ಹಾಕ್ಕೊಳ್ಳಂಗಿಲ್ಲ, ಸಪ್ಪಳ ಹೆಂಗ ಬರಬೇಕವ್ವ?" ಎಂದೆ.

ಅವಳು ಕೌಂಟರಿನ ಮೇಲೆ ಬಗ್ಗಿ ಮೆಲ್ಲಗೆ, "ಮುಖ ಎತ್ತಿ ಹೇಳ್ರಿ ಮೇಡಂ. ನನಗ ಕಾಣವಲ್ತು" ಎಂದಳು.

ನಾನು ಮುಖ ಎತ್ತಿದೆ. ಅವಳು ನನ್ನ ಕಣ್ಣು ನೋಡುತ್ತಿರಲಿಲ್ಲ, ತುಟಿಯನ್ನು ನೋಡುತ್ತಿದ್ದಳು. ಅಷ್ಟು ದಿನವೂ ಅವಳು ಹಾಗೇ ನೋಡುತ್ತಿದ್ದಳು ಎಂಬುದು ಆಗ ಹೊಳೆಯಿತು.

ಅವಳೇ ಕತೆ ಹೇಳಿದಳು. ಆರನೆಯ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದವು. ಅಷ್ಟರಲ್ಲಿ ಮಾತು ಕಲಿತಿದ್ದರಿಂದ ಮಾತು ಉಳಿಯಿತು. ಶ್ರವಣಯಂತ್ರ ಹಾಕಿದರೆ ಬರೀ ಗುಂಯ್ ಎನ್ನುತ್ತದೆ, ಮಾತು ತಿಳಿಯುವುದಿಲ್ಲ. ಮುಂದಿನ ಬೆಂಚಿನಲ್ಲಿ ಕೂತು ತುಟಿ ನೋಡಿ ಇಲ್ಲಿಯವರೆಗೆ ಓದಿಕೊಂಡು ಬಂದಿದ್ದಾಳೆ. ಕಾಲೇಜಿನಲ್ಲಿ ಹೇಳಿದರೆ ಎಲ್ಲರೂ ನಗಬಹುದೆಂದು ಹೇಳಿಲ್ಲ.

"ಮತ್ತ ಸಪ್ಪಳ ಬರದಿಲ್ಲ ಅಂದರ?"

ಅವಳು ನನ್ನನ್ನು ಪರದೆಯ ಹತ್ತಿರ ಕರೆದುಕೊಂಡು ಹೋಗಿ ಮೊನ್ನೆಯ ಡಿವಿಡಿ ಹಾಕಿದಳು. ಒಂದನೆಯ ವಲಯದ್ದು. ಅದರ ಅಡಿಬರಹದಲ್ಲಿ ಮಾತುಗಳ ಜೊತೆಗೆ ಚೌಕ ಕಂಸಗಳಲ್ಲಿ ಇಂಗ್ಲಿಷಿನಲ್ಲಿ ಬೇರೇನೋ ಬರುತ್ತಿತ್ತು. ಗಡಿಯಾರ ಟಿಕ್‌ಟಿಕ್ ಎನ್ನುತ್ತಿದೆ. ದೂರದಲ್ಲಿ ರೈಲು ಸಿಳ್ಳೆ ಹಾಕುತ್ತದೆ. ಮಳೆ ಇನ್ನೂ ಸುರಿಯುತ್ತಿದೆ. ಕಿವಿ ಕೇಳದವರಿಗಾಗಿ ಶಬ್ದಗಳನ್ನೂ ಬರೆಯುವ ಪದ್ಧತಿ ಅಲ್ಲಿಯ ಡಿವಿಡಿಗಳಲ್ಲಿತ್ತು. ನಾನು ಚೀಟಿ ಅಂಟಿಸುವಾಗ ಅದನ್ನು ನೋಡಿಯೂ ಇರಲಿಲ್ಲ. ಅವಳು 'ಬರದಿಲ್ಲ' ಎಂದದ್ದು ಬರುವುದಿಲ್ಲ ಎಂದಲ್ಲ, ಬರೆದಿಲ್ಲ ಎಂದು.

"ಎಲ್ಲಾರ ಮನಿ ಗಡಿಯಾರನೂ ಸಪ್ಪಳ ಮಾಡತಾವೇನ್ರಿ?" ಎಂದು ಕೇಳಿದಳು. "ನಮ್ಮ ಮನ್ಯಾಗ ಗೋಡಿ ಮ್ಯಾಲ ಒಂದೈತಿ. ಅದು ಸುಮ್ಮನ ತಿರಗತೈತಿ ಅಂದ್ಕೊಂಡಿದ್ದೆ. ಆರು ವರ್ಷದಾಗಿಂದು ಏನೇನೋ ನೆನಪೈತ್ರಿ. ಅವ್ವನ ಹೊಲಿಗಿ ಮಿಶನ್ ಗೊತ್ತೈತಿ, ನೆಲಕ್ಕ ಕಾಲು ಇಟ್ರ ಈಗಲೂ ಗೊತ್ತಾಗತೈತಿ. ಗಡಿಯಾರದ್ದು ಮಾತ್ರ ಮರತೇ ಹೋಗಿತ್ತು. ಹಿಂಗ ಬರದದ್ದು ನಾನು ಎಲ್ಲೂ ನೋಡಿರಲಿಲ್ಲ ಮೇಡಂ. ಥೇಟರಿನಾಗ ನಮ್ಮೋರು ನಗತಿದ್ರ ನಾನೂ ನಗತಿದ್ದೆ. ಈಗ ಯಾಕ ನಗಬೇಕಂತ ಗೊತ್ತಾಗತೈತಿ."

ನಾನು ಅವಳ ಕ್ಷಮೆ ಕೇಳಿದೆ. ಅವಳಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಅವಳ ಚಿಂತೆ ಕೈಯಲ್ಲಿದ್ದ ಡಬ್ಬಿಯದು. ಅದು ಎರಡನೆಯ ವಲಯದ್ದು, ಹಿರಿಯರು ಒಮ್ಮೆ ಜಪಾನಿಗೆ ಹೋದಾಗ ಕೊಂಡದ್ದು. ಮಾತಿನ ಇಂಗ್ಲಿಷ್ ಅಡಿಬರಹವಿತ್ತು, ಶಬ್ದದ್ದು ಇರಲಿಲ್ಲ. ಸೆಮಿನಾರಿನ ವಿಷಯಗಳಿಗೆ ಮೇಷ್ಟ್ರು ಚೀಟಿ ಎತ್ತಿಸಿದಾಗ 'ಆ ಸಿನಿಮಾದಲ್ಲಿ ಶಬ್ದ' ಎಂಬ ವಿಷಯ ಅವಳ ಪಾಲಿಗೇ ಬಂದಿತ್ತು.

ಅವಳ ಅನುಮತಿ ಕೇಳಿ ಮೇಷ್ಟ್ರಿಗೆ ಹೇಳಿದೆ. "ನಾನು ಬೋರ್ಡ್ ಕಡೆ ತಿರುಗಿಕೊಂಡೇ ಅರ್ಧ ಪಾಠ ಮಾಡ್ತೀನಲ್ಲ ಮೇಡಂ" ಎಂದರು. ಅವಳನ್ನು ಕರೆಸಿ, ಬೇರೆ ವಿಷಯ ಕೊಡುತ್ತೇನೆ ಎಂದರು. ಅವಳು ಬೇಡ ಎಂದಳು.

"ಯಾರಾರ ಕೇಳಿ ಬರದು ಕೊಟ್ರ ನಾ ಮಾಡ್ತೀನ್ರಿ ಸರ್."

ಬರೆಯುವವಳು ನಾನಾದೆ. ಮಧ್ಯಾಹ್ನ ಊಟದ ಮೇಲೆ ಓದುವವರು ಕಡಿಮೆ ಇರುವ ಹೊತ್ತಿನಲ್ಲಿ ನಾನು ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ, ಅವಳು ಪಕ್ಕದಲ್ಲಿ ರಿಮೋಟ್ ಹಿಡಿದು ಕೂರುತ್ತಿದ್ದಳು. ಮೊದಲ ದಿನ ಸಿನಿಮಾದ ಹತ್ತು ನಿಮಿಷಕ್ಕೆ ಎರಡು ಗಂಟೆ ಹಿಡಿಯಿತು. ಹುಟ್ಟಿದಾಗಿನಿಂದ ಕಿವಿ ಇದ್ದೂ ನಾನು ಎಷ್ಟು ಕಡಿಮೆ ಕೇಳುತ್ತೇನೆ ಎಂದು ಗೊತ್ತಾದದ್ದು ಆಗ. ನಾನು 'ನೀರಿನ ಶಬ್ದ' ಎಂದು ಬರೆದರೆ ಅವಳು ಒಪ್ಪುತ್ತಿರಲಿಲ್ಲ.

"ಎಂಥಾ ನೀರ್ರಿ? ಜುಳುಜುಳು ಅಂತೇನು, ಧೋ ಅಂತೇನು, ತೊಟ್ ತೊಟ್ ಅಂತೇನು?"

ಈ ಮಾತುಗಳೆಲ್ಲ ಅವಳಿಗೆ ಪುಸ್ತಕದಿಂದ ಗೊತ್ತಿದ್ದವು. ಪಟಪಟ, ಸರಸರ, ಗಿರ್ರನೆ, ಧಡಾರನೆ. ಯಾವ ಮಾತಿಗೆ ಯಾವ ಸಪ್ಪಳ ಎಂಬುದು ಮಾತ್ರ ಬಿಟ್ಟುಹೋಗಿತ್ತು. ಇಂಗ್ಲಿಷ್ ಅಡಿಬರಹದಲ್ಲಿ ಬಾಗಿಲು ಬರೀ ಮುಚ್ಚುತ್ತಿತ್ತು. ನಮ್ಮ ನೋಟ್‌ಬುಕ್ಕಿನಲ್ಲಿ ಒಂದು ಬಾಗಿಲು ಧಡಾರ್ ಎಂದು ಹಾಕಿಕೊಂಡರೆ ಇನ್ನೊಂದು ಕಿರ್ರೋ ಎಂದಿತು, ಜಪಾನಿನ ಕಾಗದದ ಬಾಗಿಲು ಸರ್ರ್ ಎಂದು ಸರಿಯಿತು. ಇದನ್ನು ನೋಡಿ ಅವಳ ತರಗತಿಯವರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ಸೊಕ್ಕಿನವಳು ಎಂದಿದ್ದವರೇ ಈಗ 'ಅದು ಟಪ್ ಅಲ್ಲಲೇ, ಠಕ್' ಎಂದು ತಮ್ಮೊಳಗೆ ಜಗಳವಾಡುತ್ತಿದ್ದರು. ಗ್ರಂಥಾಲಯದಲ್ಲಿ ಮೌನವಿರಬೇಕೆಂದು ಫಲಕ ಬರೆಸಿದವಳು ನಾನೇ. ಆ ದಿನಗಳಲ್ಲಿ ಯಾರನ್ನೂ ಗದರಿಸಲಿಲ್ಲ.

ಸಿನಿಮಾದ ಕೊನೆಯ ಭಾಗದಲ್ಲಿ ಒಬ್ಬ ಹೆಂಗಸು ಹಿಮದ ಮೇಲೆ ಬಹಳ ಹೊತ್ತು ನಡೆದು ಹೋಗುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ, ಬರೀ ಹೆಜ್ಜೆ ಸಪ್ಪಳ. ನಮಗೆ ಯಾರಿಗೂ ಮಾತು ಸಿಗಲಿಲ್ಲ. ಬಳ್ಳಾರಿಯಲ್ಲಿ ಹಿಮದ ಮೇಲೆ ನಡೆದವರು ಯಾರಿದ್ದಾರೆ? ಸಿರುಗುಪ್ಪಕ್ಕೆ ಫೋನು ಹಚ್ಚಿದೆ.

"ಹೊಸಾ ಹಿಮ ಐತೋ ಹಳೇದೋ?" ಎಂದು ಹಿರಿಯರು ಕೇಳಿದರು. "ಹಳೇದಾದ್ರ ಹಪ್ಪಳ ಮುರದಂಗ, ಕರಕ್ ಕರಕ್. ಹೊಸಾದು, ಛಳಿ ಜೋರಿದ್ರ, ಅಕ್ಕಿಹಿಟ್ಟು ಮುಟಗಿ ಕಟ್ಟಿ ಒತ್ತಿದಂಗ. ಗುರುಕ್ ಗುರುಕ್ ಅಂತೈತಿ. ಗಿರಣ್ಯಾಗ ನಿಂತೇ ಹೇಳಾಕತ್ತೀನಿ, ಒತ್ತಿ ನೋಡಿದೆ."

ಮರುದಿನ ಅವಳು ಮನೆಯಿಂದ ಒಂದು ಡಬ್ಬಿ ಅಕ್ಕಿಹಿಟ್ಟು ತಂದಳು. ಮುಷ್ಟಿಯಲ್ಲಿ ಹಿಡಿದು ನಿಧಾನವಾಗಿ ಒತ್ತಿದಳು. ಕಣ್ಣು ಮುಚ್ಚಿದಳು. "ಗೊತ್ತಾತ್ರಿ" ಎಂದಳು. "ಬೆರಳಿಗೆ ಬರಾಕತ್ತೈತಿ." ನೋಟ್‌ಬುಕ್ಕಿನ ಆ ಪುಟದಲ್ಲಿ 'ಗುರುಕ್' ಎಂಬ ಮಾತನ್ನು ಅವಳೇ ಬರೆದಳು, ಹಿಟ್ಟಿನ ಕೈಯಲ್ಲಿಯೇ.

ಸೆಮಿನಾರಿನ ದಿನ ಬೆಳಿಗ್ಗೆ ಅವಳ ತಾಯಿ ಕುರುಗೋಡಿನಿಂದ ಜೊತೆಗೇ ಬಂದಿದ್ದರು. ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿದುಕೊಡುವ ಕೆಲಸ ಅವರದು. ಕಾಲೇಜಿನೊಳಗೆ ಮೊದಲ ಸಲ ಕಾಲಿಟ್ಟವರು, ಸೆರಗು ಬಿಗಿದುಕೊಂಡು ನನ್ನ ಪಕ್ಕ ಕೂತರು. ಸಿರುಗುಪ್ಪದ ಹಿರಿಯರೂ ಬಂದಿದ್ದರು. ಮಗಳು ಎದ್ದು ನಿಂತಳು.

"ನನಗೆ ಕಿವಿ ಕೇಳುವುದಿಲ್ಲ. ಈ ಸಿನಿಮಾದ ಶಬ್ದಗಳನ್ನು ನನ್ನ ಪರವಾಗಿ ಹನ್ನೊಂದು ಜನ ಕೇಳಿದ್ದಾರೆ. ಅವರು ಬರೆದದ್ದನ್ನು ನಾನು ಓದಿದ್ದೇನೆ" ಎಂದು ಶುರುಮಾಡಿದಳು. ಸಿನಿಮಾದ ಹೆಂಗಸಿನ ಮನೆಯಲ್ಲಿ ಅವಳ ಗಂಡ ಇರುವಾಗ ಎಲ್ಲ ಬಾಗಿಲುಗಳೂ ಸದ್ದು ಮಾಡುತ್ತವೆ, ಅವನು ಹೋದ ಮೇಲೆ ಒಂದೂ ಮಾಡುವುದಿಲ್ಲ ಎಂದು ತೋರಿಸಿದಳು. ನಾನು ಆ ಸಿನಿಮಾವನ್ನು ಅಷ್ಟು ಸಲ ಕೇಳಿದ್ದೆ. ನನಗೆ ಅದು ಹೊಳೆದೇ ಇರಲಿಲ್ಲ. ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ಹಿರಿಯರು ಮುಗಿದ ಮೇಲೆ ಅವಳ ಎದುರು ನಿಂತು, ತುಟಿ ಕಾಣುವಂತೆ ನಿಧಾನವಾಗಿ, "ಟ್ರಂಕು ಹೊತ್ತು ತಂದಿದ್ದು ಸಾರ್ಥಕ ಆತವ್ವ" ಎಂದರು.

ಅವಳ ತಾಯಿ ನನ್ನ ಕೈ ಹಿಡಿದುಕೊಂಡರು. "ಮನ್ಯಾಗ ಈಗ ಒಂದ ಸವನ ಕೇಳತಾಳ್ರಿ. ಇದು ಸಪ್ಪಳ ಮಾಡತೈತೇನು, ಅದು ಹೆಂಗ ಮಾಡತೈತಿ ಅಂತ. ರೊಟ್ಟಿ ಬಡಿಯೂದು, ಹಾಲು ಉಕ್ಕೂದು. ಹೇಳಿ ಹೇಳಿ ನನಗೂ ಹೊಸದಾಗಿ ಕಿವಿ ಬಂದಂಗಾಗೈತಿ."

ಅವಳು ಈಗ ನಮ್ಮ ಕಾಲೇಜಿನಲ್ಲೇ ಇಂಗ್ಲಿಷ್ ಎಂ.ಎ. ಎರಡನೆಯ ವರ್ಷದಲ್ಲಿದ್ದಾಳೆ. ಮುಂದಿನ ಬೆಂಚು ಅವಳದೇ ಎಂದು ಎಲ್ಲರಿಗೂ ಗೊತ್ತು. ಮೇಷ್ಟ್ರು ಬೋರ್ಡಿಗೆ ಬರೆದು, ತಿರುಗಿ ನಿಂತು, ಆಮೇಲೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಮೀಸಲು ಕಪಾಟಿನ ಚೀಟಿಗಳಲ್ಲಿ ನಾನು ಇನ್ನೊಂದು ಸಾಲು ಸೇರಿಸಿದೆ: ಶಬ್ದ ಬರೆದಿದೆ, ಅಥವಾ ಬರೆದಿಲ್ಲ. ಬರೆದಿಲ್ಲದವಕ್ಕೆ ಅವಳ ತರಗತಿಯವರು, ಅವರ ನಂತರ ಬಂದವರು, ನೋಟ್‌ಬುಕ್ ಮಾಡುತ್ತಿದ್ದಾರೆ. ಬ್ರೂಸ್‌ಪೇಟೆಯ ಸಾಹೇಬರು ಪ್ಲೇಯರಿಗೆ ಒಮ್ಮೆ ಲೆನ್ಸ್ ಬದಲಿಸಿಕೊಟ್ಟರು, ಇನ್ನೊಂದು ಪ್ಲೇಯರನ್ನೂ ಹುಡುಕಿ ಸೊನ್ನೆ ಮಾಡಿ ತಂದಿಟ್ಟರು.

ಊರಿನ ಕಿವುಡ ಮಕ್ಕಳ ಶಾಲೆಯೊಂದರ ಶಿಕ್ಷಕಿ ಈ ಸುದ್ದಿ ಕೇಳಿ, ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಹದಿನಾಲ್ಕು ಮಕ್ಕಳನ್ನು ಕರೆದುಕೊಂಡು ಬಂದರು. ಟಿ.ವಿ.ಯಲ್ಲಿ ಸಿನಿಮಾ ಓಡಿತು, ಒಬ್ಬ ಅಂಚೆಯವನದೂ ಅವನ ನಾಯಿಯದೂ ಕತೆ. ಪಕ್ಕದ ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಶಬ್ದಗಳು ಕನ್ನಡದ ದೊಡ್ಡ ಅಕ್ಷರಗಳಲ್ಲಿ ಬರುತ್ತಿದ್ದವು. ಹೊತ್ತಿಗೆ ಸರಿಯಾಗಿ ಗುಂಡಿ ಒತ್ತುತ್ತಿದ್ದವಳು ಕುರುಗೋಡಿನ ಹುಡುಗಿಯೇ. ಸೈಕಲ್ ಬಿದ್ದಾಗ ಗೋಡೆ ತುಂಬ 'ಧಡಾರ್' ಎಂದು ಬಂತು, ಮಕ್ಕಳೆಲ್ಲ ನೆಲಕ್ಕೆ ಕಾಲು ಬಡಿದು ನಕ್ಕರು.

ಮುಗಿದ ಮೇಲೆ ಎರಡು ಜಡೆಯ ಒಂದು ಪುಟ್ಟ ಹುಡುಗಿ ಅವಳ ಹತ್ತಿರ ಬಂದು ತನ್ನ ಚಪ್ಪಲಿ ತೋರಿಸಿ ಸನ್ನೆ ಮಾಡಿತು. ಇದರ ಸಪ್ಪಳ ಏನು ಎಂದು ಕೇಳುತ್ತಿದೆ ಎಂದು ಶಿಕ್ಷಕಿ ಹೇಳಿದರು. ಅವಳು ನಕ್ಕು ನನ್ನ ಕಡೆ ತಿರುಗಿದಳು. "ಮೇಡಂ, ನೀವ ಕೇಳಿ ಹೇಳ್ರಿ."

ಹುಡುಗಿಯನ್ನು ಕಪಾಟುಗಳ ನಡುವಿನ ಓಣಿಯಲ್ಲಿ ನಡೆಸಿದೆ. ನಾನು ಬಗ್ಗಿ ಕಿವಿಗೊಟ್ಟೆ. ಒಂದು ಚಪ್ಪಲಿಯ ಪಟ್ಟಿ ಸಡಿಲವಾಗಿತ್ತು, ಅದು ಹಿಂದೆ ಹಿಂದೆ ಎಳೆಯುತ್ತಿತ್ತು. ಒಂದು ಚೀಟಿಯ ಮೇಲೆ 'ಚಪ್ ಸರ್, ಚಪ್ ಸರ್' ಎಂದು ಬರೆದು ಕೊಟ್ಟೆ. ಅದು ಚೀಟಿ ಓದುತ್ತಾ ಇನ್ನೊಮ್ಮೆ ನಡೆಯಿತು. ಮತ್ತೊಮ್ಮೆ ನಡೆಯಿತು. ಅಷ್ಟರಲ್ಲಿ ಉಳಿದ ಹದಿಮೂರು ಮಕ್ಕಳು ಚಪ್ಪಲಿ ಹಾಕಿಕೊಂಡು ನನ್ನ ಮುಂದೆ ಸಾಲು ನಿಂತಿದ್ದವು.